ಮನೋರೋಗದ ಮದ್ದು ತೆಗೆದುಕೊಳ್ಳುವವರ ಎಲುಬು ಕಾಯುವುದು ಹೇಗೆ?

ಆಟಿ ತಿಂಗಳ ಮಳೆ, ಕೆಂಪುಕಲ್ಲಿನ ಮೆಟ್ಟಿಲು, ಮೇಲೆ ಹಸಿರು ಪಾಚಿ. ಹತ್ತು ಹದಿನೈದು ವರ್ಷದಿಂದ ಮನೋರೋಗದ ಮದ್ದು ನುಂಗುತ್ತಿರುವ ಐವತ್ತರ ಹೆಂಗಸು ಜಾರಿ ಕೂತರೆ, ಕೈಯೂರಿದ ಮಣಿಕಟ್ಟು ಮುರಿಯುತ್ತದೆ. ಮನೆಯವರು ಪಾಚಿಯನ್ನು ಬೈಯುತ್ತಾರೆ. ಜಾರಿದ್ದು ಪಾಚಿಯಿಂದಲೇ ಇರಬಹುದು. ಆದರೆ ನಿಂತ ಎತ್ತರದಿಂದ ಬಿದ್ದಷ್ಟಕ್ಕೆ ಗಟ್ಟಿ ಎಲುಬು ಸಾಮಾನ್ಯವಾಗಿ ಮುರಿಯುವುದಿಲ್ಲ. ಮುರಿದರೆ ಎಲುಬು ಮೊದಲೇ ಸವೆದಿತ್ತೇ ಎಂದು ಸಂಶಯಪಡಬೇಕು.

ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ಮಾತು ಕೇಳಿಸುವ ಕಾಯಿಲೆ), ಬೈಪೋಲಾರ್ (ಮನಸ್ಸು ಅತಿ ಏರಿ, ಅತಿ ಇಳಿಯುವ ಕಾಯಿಲೆ) ಮುಂತಾದವುಗಳಿಗೆ ಕೊಡುವ ಮದ್ದುಗಳು ಎರಡು ದಾರಿಯಿಂದ ಎಲುಬಿಗೆ ತೊಂದರೆ ಕೊಡುತ್ತವೆ: ಕೆಲವು ಎಲುಬನ್ನು ಸವೆಸುತ್ತವೆ, ಹೆಚ್ಚಿನವು ಬೀಳುವ ಸಂಭವ ಹೆಚ್ಚಿಸುತ್ತವೆ. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಈ ಮದ್ದು ತೆಗೆದುಕೊಳ್ಳುವವರಲ್ಲಿ ಸೊಂಟದ ಎಲುಬು ಮುರಿಯುವ ಅಪಾಯ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು ಕಂಡಿದೆ. ಎರಡೂ ದಾರಿಗಳನ್ನು ಮದ್ದು ನಿಲ್ಲಿಸದೆಯೇ ಬಹುಮಟ್ಟಿಗೆ ಮುಚ್ಚಬಹುದು. ಈ ಲೇಖನ ಓದಿ ಯಾರೂ ಮಾತ್ರೆ ಬಿಡಬೇಡಿ. ತಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಮರುಕಳಿಸಿದಾಗ ಊಟ ನಿದ್ದೆ ಕೆಟ್ಟು, ಮನೆ ಬಿಟ್ಟು ಅಲೆದು, ಆಗುವ ಪೆಟ್ಟುಗಳು ಇದಕ್ಕಿಂತ ದೊಡ್ಡವು.

ಹಂತ 1: ಚೀಟಿ ತೆಗೆದು ಮದ್ದಿನ ಹೆಸರು ಓದಿ

ಕಾಸರಗೋಡು, ಮಂಜೇಶ್ವರದ ಕಡೆ ಅನೇಕರ ಕೈಯಲ್ಲಿ ಎರಡೆರಡು ಚೀಟಿ ಇರುತ್ತದೆ. ಸರಕಾರಿ ಮಾನಸಿಕ ಆರೋಗ್ಯ ಕ್ಲಿನಿಕ್ಕಿನದೊಂದು, ಮಂಗಳೂರಿನ ಆಸ್ಪತ್ರೆಯದೊಂದು. ಎರಡನ್ನೂ ಜೊತೆಗಿಟ್ಟು, ಮಾತ್ರೆಯ ಹಾಳೆಯ ಮೇಲಿನ ಕಂಪೆನಿ ಹೆಸರನ್ನು ಬಿಟ್ಟು ಒಳಗಿನ ಮದ್ದಿನ ಹೆಸರನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಮಲಯಾಳದಲ್ಲಿ ಬರೆದ ಸೂಚನೆ ಅರ್ಥವಾಗದಿದ್ದರೆ ಫಾರ್ಮಸಿಯವರಲ್ಲೋ ಆಶಾ ಕಾರ್ಯಕರ್ತೆಯಲ್ಲೋ ಓದಿಸಿ. ಅಂದಾಜು ಮಾಡಬೇಡಿ.

ಈ ಹೆಸರುಗಳನ್ನು ಬರೆದುಕೊಳ್ಳುವ ಕಾರಣ ಇದು. ಮೆದುಳಿನ ಬುಡದಲ್ಲಿ ಕಡಲೆ ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ಅದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ವಿಪರೀತ ಸುರಿಸದಂತೆ ಡೋಪಮಿನ್ ಎಂಬ ಮೆದುಳಿನ ರಾಸಾಯನಿಕ ಹಿಡಿದಿಟ್ಟಿರುತ್ತದೆ. ಮನೋರೋಗದ ಮದ್ದು ಡೋಪಮಿನ್‌ನ ಕೆಲಸವನ್ನು ತಡೆಯುತ್ತದೆ. ಅದರಿಂದ ಭ್ರಮೆ, ಕಿವಿಯಲ್ಲಿ ಕೇಳುವ ಮಾತು ಕಡಿಮೆಯಾಗುತ್ತವೆ. ಜೊತೆಗೆ ಪಿಟ್ಯುಟರಿಯ ಕಡಿವಾಣವೂ ಸಡಿಲವಾಗಿ ಪ್ರೊಲ್ಯಾಕ್ಟಿನ್ ಏರುತ್ತದೆ. ಪ್ರೊಲ್ಯಾಕ್ಟಿನ್ ಏರಿದರೆ ಹೆಂಗಸರಲ್ಲಿ ಈಸ್ಟ್ರೊಜೆನ್, ಗಂಡಸರಲ್ಲಿ ಟೆಸ್ಟೊಸ್ಟೆರೋನ್ ಇಳಿಯುತ್ತದೆ. ಎಲುಬು ಕರಗುವುದನ್ನು ತಡೆಯುವ ಮುಖ್ಯ ಕಾವಲುಗಾರರು ಈ ಹಾರ್ಮೋನುಗಳು.

ರಿಸ್ಪೆರಿಡೋನ್, ಪಾಲಿಪೆರಿಡೋನ್, ಅಮಿಸಲ್‌ಪ್ರೈಡ್ ಪ್ರೊಲ್ಯಾಕ್ಟಿನ್ ಅನ್ನು ಹೆಚ್ಚು ಏರಿಸುತ್ತವೆ. ಹ್ಯಾಲೊಪೆರಿಡಾಲ್, ಟ್ರೈಫ್ಲುಪೆರಜಿನ್, ಕ್ಲೋರ್‌ಪ್ರೊಮಜಿನ್, ಫ್ಲುಫೆನಜಿನ್ ಚುಚ್ಚುಮದ್ದು ಕೂಡ ಏರಿಸುವ ಗುಂಪಿನವೇ. ಒಲಾಂಜಪಿನ್ ಸ್ವಲ್ಪ ಏರಿಸುತ್ತದೆ. ಕ್ಲೋಜಪಿನ್, ಕ್ವೆಟಿಯಾಪಿನ್‌ಗಳಿಂದ ಏರುವುದು ಅಪರೂಪ. ಅರಿಪಿಪ್ರಜೋಲ್ ಏರಿಸುವುದಿಲ್ಲ, ಬದಲಿಗೆ ಇಳಿಸುತ್ತದೆ.

ಚೀಟಿಯಲ್ಲಿ ಇನ್ನೂ ಕೆಲವು ಹೆಸರು ಹುಡುಕಿ. ಗ್ಯಾಸ್ಟ್ರಿಕ್ ಮಾತ್ರೆಯ ಜೊತೆ ಸೇರಿಸಿ ಮಾರುವ ಲೆವೊಸಲ್ಪಿರೈಡ್ ಮತ್ತು ಡೊಂಪೆರಿಡೋನ್ ಎರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಹೊಟ್ಟೆಯುರಿಗೆಂದು ಬೇರೆ ಡಾಕ್ಟರು ಕೊಟ್ಟ ಮಾತ್ರೆಯೇ ಮುಟ್ಟು ನಿಲ್ಲಲು ಕಾರಣವಾಗಿರುವುದುಂಟು. ಫಿಟ್ಸ್‌ಗೆ ಅಥವಾ ಮನಃಸ್ಥಿತಿ ಸ್ಥಿರವಾಗಿಡಲು ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್, ವಾಲ್ಪ್ರೊಯೇಟ್, ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್‌ನಂಥ ಆ್ಯಸಿಡ್ ಮಾತ್ರೆ, ದಮ್ಮಿಗೆ ಅಥವಾ ಗಂಟುನೋವಿಗೆ ನುಂಗುವ ಸ್ಟೀರಾಯ್ಡ್, ಇವು ಎಲುಬಿಗೆ ಬೇರೆ ಬೇರೆ ದಾರಿಯಿಂದ ಭಾರ ಹಾಕುತ್ತವೆ.

ಹಂತ 2: ನಾಚಿಕೆ ಬಿಟ್ಟು ಕೇಳಬೇಕಾದ ಪ್ರಶ್ನೆಗಳು

ರಕ್ತ ಪರೀಕ್ಷೆಗಿಂತ ಮೊದಲು ಸುಳಿವು ಕೊಡುವುದು ದೇಹವೇ. ಹೆಂಗಸರಲ್ಲಿ ಮುಟ್ಟು ಮೂರು ತಿಂಗಳು ತಪ್ಪಿದೆಯೇ? ಹೆರಿಗೆಯಾಗದಿದ್ದರೂ ಎದೆಯಿಂದ ಹಾಲು ಒಸರುತ್ತಿದೆಯೇ? ಗಂಡಸರಲ್ಲಿ ಎದೆ ಊದಿದೆಯೇ, ಲೈಂಗಿಕ ಆಸಕ್ತಿ ಅಥವಾ ಶಕ್ತಿ ಕುಗ್ಗಿದೆಯೇ? ಮೂವತ್ತೈದರ ಮಗಳಿಗೆ ಮುಟ್ಟು ನಿಂತಾಗ "ಹೇಗೂ ಮದುವೆಯಾಗಿಲ್ಲ, ತೊಂದರೆಯಿಲ್ಲ" ಎಂದು ಅಮ್ಮಂದಿರು ಸುಮ್ಮನಾಗುವುದನ್ನು ಕಾಣುತ್ತೇವೆ. ಆ ಸುಮ್ಮನಿರುವಿಕೆಯ ಪ್ರತಿ ವರ್ಷವೂ ಎಲುಬಿನಿಂದ ಕಳೆಯುತ್ತದೆ. ಎಲುಬು ತನ್ನ ಗರಿಷ್ಠ ಗಟ್ಟಿತನ ಮುಟ್ಟುವುದು ಮೂವತ್ತರ ಆಸುಪಾಸಿಗೆ. ಸ್ಕಿಜೋಫ್ರೇನಿಯಾ ಶುರುವಾಗುವುದು ಹೆಚ್ಚಾಗಿ ಹದಿಹರೆಯದ ಕೊನೆ, ಇಪ್ಪತ್ತರ ಪ್ರಾಯದಲ್ಲಿ. ಕೂಡಿಡುವ ಕಾಲದಲ್ಲೇ ಸೋರಿಕೆ ಶುರುವಾದರೆ ಮುಂದೆ ಖರ್ಚಿಗೆ ಉಳಿಯುವುದು ಕಡಿಮೆ.

ಗಂಡು ಡಾಕ್ಟರರ ಮುಂದೆ ಹೇಳಲು ಸಂಕೋಚವಾದರೆ ನರ್ಸ್ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಹೇಳಿಸಿ. ಚೀಟಿಯ ಹಿಂದೆ "ಮುಟ್ಟು ನಿಂತು ಇಷ್ಟು ತಿಂಗಳು" ಎಂದು ಬರೆದುಕೊಟ್ಟರೂ ಸಾಕು.

ಹಂತ 3: ರಕ್ತ ಪರೀಕ್ಷೆ, ಸರಿಯಾದ ರೀತಿಯಲ್ಲಿ

ಮದ್ದು ಶುರು ಮಾಡುವ ಮುಂಚೆ ಒಮ್ಮೆ, ಶುರು ಮಾಡಿ ಮೂರು ತಿಂಗಳಾದಾಗ ಒಮ್ಮೆ, ಪ್ರೊಲ್ಯಾಕ್ಟಿನ್ ಏರಿಸುವ ಮದ್ದಾದರೆ ಆಮೇಲೆ ವರ್ಷಕ್ಕೊಮ್ಮೆ ಪ್ರೊಲ್ಯಾಕ್ಟಿನ್ ನೋಡುವುದು ಒಳ್ಳೆಯ ಕ್ರಮ. ನಿದ್ದೆಯಲ್ಲಿ ಮತ್ತು ಗಾಬರಿಯಲ್ಲಿ ಪ್ರೊಲ್ಯಾಕ್ಟಿನ್ ತಾನಾಗಿ ಏರುವುದರಿಂದ, ಎದ್ದು ಒಂದು ಗಂಟೆಯಾದರೂ ಕಳೆದ ಮೇಲೆ, ಬಸ್ಸಿಳಿದು ಓಡಿಬಂದ ಕೂಡಲೇ ಅಲ್ಲದೆ ಸ್ವಲ್ಪ ಹೊತ್ತು ಕೂತು ರಕ್ತ ಕೊಡಿ. ಹೆಂಗಸರಲ್ಲಿ ಸುಮಾರು 25, ಗಂಡಸರಲ್ಲಿ ಸುಮಾರು 15ರಿಂದ 20 ನ್ಯಾನೊಗ್ರಾಂ ಪ್ರತಿ ಮಿಲಿಲೀಟರ್‌ವರೆಗೆ ಸಾಮಾನ್ಯ. ಅಲ್ಪ ಏರಿಕೆ ಇದ್ದರೆ ಇನ್ನೊಮ್ಮೆ ನೋಡಬೇಕು. 100 ದಾಟಿದವರಲ್ಲಿ ಈಸ್ಟ್ರೊಜೆನ್, ಟೆಸ್ಟೊಸ್ಟೆರೋನ್ ಕುಗ್ಗಿರುವ ಸಂಭವ ಹೆಚ್ಚು. ಥೈರಾಯ್ಡ್ ಕುಂದಿದ್ದರೂ, ಕಿಡ್ನಿ ಸೋತಿದ್ದರೂ, ಗರ್ಭ ನಿಂತಿದ್ದರೂ ಪ್ರೊಲ್ಯಾಕ್ಟಿನ್ ಏರುತ್ತದೆ. ಮದ್ದಿನ ಮೇಲೆ ತಪ್ಪು ಹೊರಿಸುವ ಮುಂಚೆ ಇವನ್ನೂ ನೋಡಿಸಬೇಕು. ಬಿಡದ ತಲೆನೋವು, ಕಣ್ಣಿನ ಬದಿಯ ನೋಟ ಮಸುಕಾಗುವುದು ಇದ್ದರೆ ಪಿಟ್ಯುಟರಿ ಗ್ರಂಥಿ ನೋಡಲು ಎಂ.ಆರ್.ಐ. ಬೇಕಾಗುತ್ತದೆ.

ಅದೇ ದಿನ ವಿಟಮಿನ್ ಡಿ, ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿಯ ಪರೀಕ್ಷೆ) ಕೂಡ ಮಾಡಿಸಿ. ಲಿಥಿಯಂ ತೆಗೆದುಕೊಳ್ಳುವವರಿಗೆ ಕ್ಯಾಲ್ಸಿಯಂ ಪರೀಕ್ಷೆ ತೀರಾ ಮುಖ್ಯ. ಲಿಥಿಯಂನಿಂದ ಕ್ಯಾಲ್ಸಿಯಂ ಹದದಲ್ಲಿಡುವ ಪ್ಯಾರಾಥೈರಾಯ್ಡ್ ಗ್ರಂಥಿ ಹದ ತಪ್ಪಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು. ಅದನ್ನು ನೋಡದೆ ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತೆ.

ಪ್ರೊಲ್ಯಾಕ್ಟಿನ್ ಏರಿ ತೊಂದರೆಯೂ ಇದ್ದರೆ ಮನೋವೈದ್ಯರ ಮುಂದೆ ಮೂರು ದಾರಿ: ಡೋಸ್ ಇಳಿಸುವುದು, ಮದ್ದು ಬದಲಿಸುವುದು, ಇರುವ ಮದ್ದಿನ ಜೊತೆ ಸಣ್ಣ ಡೋಸ್ ಅರಿಪಿಪ್ರಜೋಲ್ ಸೇರಿಸುವುದು. ಮೂರನೆಯದು ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್‌ಗಳಿಗೆ ಚೆನ್ನಾಗಿ ಹೊಂದುತ್ತದೆ, ಅಮಿಸಲ್‌ಪ್ರೈಡ್ ಜೊತೆ ಅಷ್ಟು ಫಲ ಕೊಡುವುದಿಲ್ಲ. ಪ್ರೊಲ್ಯಾಕ್ಟಿನ್ ಇಳಿಸಲೆಂದೇ ಇರುವ ಕ್ಯಾಬರ್ಗೊಲಿನ್ ಡೋಪಮಿನ್ ಹಾಗೆಯೇ ಕೆಲಸ ಮಾಡುವುದರಿಂದ ಭ್ರಮೆ ಮರಳಿ ಬರಬಹುದು. ಮನೋವೈದ್ಯರಿಗೆ ತಿಳಿಸದೆ ಬೇರೆಯವರು ಬರೆದುಕೊಟ್ಟರೆ ನುಂಗಬೇಡಿ. ಇನ್ನೊಂದು ಮಾತು: ಮದ್ದು ಬದಲಾದ ಮೇಲೆ ಮುಟ್ಟು ಮರಳುತ್ತದೆ, ಗರ್ಭ ನಿಲ್ಲುವ ಸಾಧ್ಯತೆಯೂ ಮರಳುತ್ತದೆ. ದಂಪತಿಗೆ ಇದನ್ನು ಮೊದಲೇ ಹೇಳಿರಬೇಕು.

ಹಂತ 4: ಬೀಳದಂತೆ ನೋಡಿಕೊಳ್ಳಿ

ಎಲುಬು ಗಟ್ಟಿಯಾಗಲು ವರ್ಷಗಳು ಬೇಕು, ಬೀಳುವುದನ್ನು ಈ ವಾರವೇ ಕಡಿಮೆ ಮಾಡಬಹುದು. ಹಾಗಾಗಿ ಇದಕ್ಕೆ ಹೆಚ್ಚು ಸಮಯ ಕೊಡಿ.

ಮೊದಲು ರಕ್ತದೊತ್ತಡ. ಕ್ಲೋಜಪಿನ್, ಕ್ವೆಟಿಯಾಪಿನ್, ಕ್ಲೋರ್‌ಪ್ರೊಮಜಿನ್, ಶುರುವಿನ ದಿನಗಳಲ್ಲಿ ರಿಸ್ಪೆರಿಡೋನ್ ಇವೆಲ್ಲ ರಕ್ತನಾಳಗಳನ್ನು ಸಡಿಲಿಸುತ್ತವೆ. ಎದ್ದು ನಿಂತಾಗ ರಕ್ತ ಕಾಲಿಗಿಳಿದು ತಲೆ ತಿರುಗುತ್ತದೆ. ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿ, ನಿಲ್ಲಿಸಿ ಒಂದನೇ ನಿಮಿಷಕ್ಕೂ ಮೂರನೇ ನಿಮಿಷಕ್ಕೂ ಮತ್ತೆ ನೋಡಿ. ಮೇಲಿನ ಅಂಕಿ 20, ಅಥವಾ ಕೆಳಗಿನ ಅಂಕಿ 10 ಇಳಿದರೆ ಡಾಕ್ಟರಿಗೆ ತಿಳಿಸಿ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುವವರಾದರೆ ಅವರಲ್ಲೇ ಹೀಗೆ ನೋಡಿಸಬಹುದು. ಕೂತೇ ನೋಡಿದ ಬಿ.ಪಿ.ಯಲ್ಲಿ ಇದು ಗೊತ್ತಾಗುವುದಿಲ್ಲ. ಬಿ.ಪಿ. ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಸೇರಿದರೆ ಇಳಿತ ಇನ್ನೂ ಹೆಚ್ಚು. ಡೋಸ್ ಏರಿಸಿದ ಮೊದಲ ಒಂದೆರಡು ವಾರ ಕಣ್ಣಿಟ್ಟಿರಿ.

ರಾತ್ರಿಯ ಮಾತ್ರೆ ನುಂಗಿ ಮತ್ತೆ ಹಟ್ಟಿಗೆ ಹೋಗಿ ದನ ಕಟ್ಟಿ ಬರುವ ಅಭ್ಯಾಸ ಬೇಡ. ಎಲ್ಲ ಕೆಲಸ ಮುಗಿಸಿ, ಮೂತ್ರ ಮಾಡಿ, ಹಾಸಿಗೆಯ ಮೇಲೆ ಕೂತು ನುಂಗಿ. ನಡುರಾತ್ರಿ ಏಳಬೇಕಾದರೆ ಕಾಲು ಕೆಳಗಿಳಿಸಿ ಒಂದು ನಿಮಿಷ ಕೂತು, ಪಾದ ಮೇಲೆ ಕೆಳಗೆ ಹತ್ತು ಸಲ ಆಡಿಸಿ, ಗೋಡೆ ಹಿಡಿದು ನಿಂತು, ಆಮೇಲೆ ಹೆಜ್ಜೆ. ಪಕ್ಕದಲ್ಲಿ ಟಾರ್ಚ್, ಬಚ್ಚಲಿನ ದಾರಿಯಲ್ಲಿ ರಾತ್ರಿಯಿಡೀ ಉರಿಯುವ ಸಣ್ಣ ಬಲ್ಬು. ಶೌಚಾಲಯ ಅಂಗಳದಾಚೆ ಇರುವ ಮನೆಯಲ್ಲಿ ಮಳೆಗಾಲಕ್ಕೆ ಕೋಣೆಯಲ್ಲೇ ಒಂದು ಪಾತ್ರೆ ಇಡುವುದು ಅವಮಾನದ ವಿಷಯವಲ್ಲ.

ಎರಡನೆಯದು ನಡಿಗೆ. ಕೈ ಬೀಸದೆ, ಪಾದ ಎತ್ತದೆ ಎಳೆದು ನಡೆಯುವುದು, ಮುಖದ ಭಾವ ಬತ್ತುವುದು, ತಿರುಗುವಾಗ ತಡವರಿಸುವುದು ಮದ್ದಿನಿಂದ ಬರುವ ಪಾರ್ಕಿನ್ಸನ್ (ನಡುಕ, ಬಿಗಿತದ ಕಾಯಿಲೆ) ಲಕ್ಷಣ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ಗಳಲ್ಲಿ ಹೆಚ್ಚು. "ಸೋಮಾರಿಯಾಗಿದ್ದಾನೆ" ಎಂದು ಅಣ್ಣತಮ್ಮಂದಿರು ಗದರುವುದು ಇದನ್ನೇ. ಹೀಗೆ ನೋಡಿ: ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಹೊತ್ತು? 12 ಸೆಕೆಂಡಿಗಿಂತ ಹೆಚ್ಚಾದರೆ ಬೀಳುವ ಅಪಾಯವಿದೆ. ಈ ಪಾರ್ಕಿನ್ಸನ್ ಲಕ್ಷಣಕ್ಕೆಂದು ಸೇರಿಸುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಪ್ರಾಯದವರಿಗೆ ಉಪಕಾರ ಮಾಡುತ್ತದೆ. ಅರವತ್ತು ದಾಟಿದವರಲ್ಲಿ ಅದೇ ಮಾತ್ರೆ ಕಣ್ಣು ಮಂಜು ಮಾಡಿ, ಬುದ್ಧಿ ಗಲಿಬಿಲಿ ಮಾಡಿ ಬೀಳಿಸಬಹುದು. ನಿದ್ದೆಗೆಂದು ಕೊಟ್ಟ ಕ್ಲೊನಜೆಪಾಮ್, ಲೊರಾಜೆಪಾಮ್ ಇನ್ನೂ ಬೇಕೇ ಎಂದು ಪ್ರತಿ ಭೇಟಿಯಲ್ಲೂ ಕೇಳಿ. ಮರೆವಿನ ಕಾಯಿಲೆಯ ಅಜ್ಜ ಅಜ್ಜಿಯರಿಗೆ ಸಿಟ್ಟು, ಅಲೆದಾಟಕ್ಕೆಂದು ಮನೋರೋಗದ ಮದ್ದು ಶುರುವಾಗಿದ್ದರೆ ಆರು ವಾರಕ್ಕೊಮ್ಮೆ "ಇಳಿಸಬಹುದೇ?" ಎಂದು ಕೇಳಲೇಬೇಕು.

ಮೂರನೆಯದು ಮನೆ ಮತ್ತು ತೋಟ. ಮಳೆಗೆ ಮುಂಚೆ ಮೆಟ್ಟಿಲು, ಬಾವಿಕಟ್ಟೆ, ಬಚ್ಚಲಿನ ಕಲ್ಲನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಮತ್ತೆ ಉಜ್ಜಿ. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ಬೆರೆಸಬೇಡಿ, ವಿಷದ ಹೊಗೆ ಏಳುತ್ತದೆ. ತಳ ಸವೆದ ಹವಾಯಿ ಚಪ್ಪಲಿ ಬಿಸಾಡಿ, ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ಚಪ್ಪಲಿ ಕೊಡಿ. ಬಚ್ಚಲಿನ ಗೋಡೆಗೆ ಸ್ಕ್ರೂ ಹಾಕಿದ ಕಬ್ಬಿಣದ ಹಿಡಿಕೆ ಬೇಕು. ಟವೆಲ್ ಹಾಕುವ ಪ್ಲಾಸ್ಟಿಕ್ ಕೋಲು ಭಾರ ತಡೆಯುವುದಿಲ್ಲ. ತೋಡಿಗೆ ಹಾಕಿದ ಅಡಿಕೆ ಮರದ ಸಂಕ ದಾಟುವವರಾದರೆ ಎರಡೂ ಬದಿಗೆ ಕೈಹಿಡಿ ಕಟ್ಟಿ. ಅಡಿಕೆ ಮರ, ತೆಂಗಿನ ಮರ ಏರುವ ಕೆಲಸದವರು ಹೊಸ ಮದ್ದು ಶುರುವಾದಾಗ, ಡೋಸ್ ಬದಲಾದಾಗ ಮರ ಏರಬಾರದು. ಕಸುಬಿನ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿದರೆ ಮಂಪರು ಕಡಿಮೆಯಿರುವ ಮದ್ದು ಹುಡುಕಬಹುದು.

ಕಾಲಿನ ಶಕ್ತಿಗೆ ದುಬಾರಿ ಏನೂ ಬೇಡ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಚುರುಕಿನ ನಡಿಗೆ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ದಿನಕ್ಕೆ ಎರಡು ಬಾರಿ. ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದು ಹತ್ತು ಸಲ, ಒಂಟಿ ಕಾಲಲ್ಲಿ ಹತ್ತು ಸೆಕೆಂಡು ನಿಲ್ಲುವುದು.

ಹಂತ 5: ಊಟ, ಬಿಸಿಲು, ಮಾತ್ರೆ

ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಪ್ರಾಯವಾಗಿ ಮುಟ್ಟು ನಿಂತ ಹೆಂಗಸರಿಗೆ 1200. ಕುಚ್ಚಿಲಕ್ಕಿ ಗಂಜಿ, ಉಪ್ಪಿನಕಾಯಿ, ಎರಡು ಲೋಟ ಚಾ ಇರುವ ದಿನದಲ್ಲಿ ಅದರ ಕಾಲು ಭಾಗವೂ ಸಿಗುವುದು ಕಷ್ಟ. 250 ಮಿಲಿಲೀಟರ್ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಇದೆ. 50 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 180. ರಾಗಿ ಮಣ್ಣಿ (ಹಲ್ವದಂಥ ತಿಂಡಿ) ಮಾಡಲು ರಾಗಿಯ ಹಾಲು ಸೋಸಿ ಚರಟ ಬಿಸಾಡಿದರೆ ಅದರಲ್ಲಿ ಒಂದಷ್ಟು ಹೋಗುತ್ತದೆ, ಅಂಬಲಿಯೇ ಮೇಲು. ನೀರು ಮಜ್ಜಿಗೆಯಲ್ಲಿ ಇರುವುದು ಅಲ್ಪ. ಮೀನು ತಿನ್ನುವವರಿಗೆ ಸಣ್ಣ ಬೂತಾಯಿ, ಕೊಲ್ಲತ್ತರು ಒಳ್ಳೆಯವು. ಹುಳಿ ಹಾಕಿ ಮುಳ್ಳು ಮೆತ್ತಗಾಗುವಷ್ಟು ಬೇಯಿಸಿ ಮುಳ್ಳು ಸಮೇತ ಅಗಿದರೆ ಮಾತ್ರ ಕ್ಯಾಲ್ಸಿಯಂ ಸಿಗುತ್ತದೆ. ನುಂಗಲು ತೊಡಕಿರುವವರಿಗೆ ಮುಳ್ಳು ಕೊಡಬೇಡಿ. ಎಳ್ಳಿನ ಚಟ್ನಿ, ನುಗ್ಗೆಸೊಪ್ಪಿನ ಪಲ್ಯ ಸೇರಿಸಿ. ಬಸಳೆ ಮತ್ತು ಹರಿವೆಯಲ್ಲಿ ಆಕ್ಸಲೇಟ್ ಇರುವುದರಿಂದ ಅವುಗಳ ಕ್ಯಾಲ್ಸಿಯಂ ದೇಹಕ್ಕೆ ಪೂರ್ತಿ ದಕ್ಕುವುದಿಲ್ಲ.

ಊಟದಲ್ಲಿ ಕೊರತೆಯಾದಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಸಿ. 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯಲ್ಲಿ ನಿಜವಾದ ಕ್ಯಾಲ್ಸಿಯಂ 500. ಒಂದು ಹೊತ್ತಿಗೆ ಅದಕ್ಕಿಂತ ಹೆಚ್ಚು ಬೇಡ, ಊಟದ ಜೊತೆಗೇ ನುಂಗಿ. ಆ್ಯಸಿಡ್ ಮಾತ್ರೆ ನುಂಗುವವರಿಗೆ ಸಿಟ್ರೇಟ್ ವಾಸಿ. ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ಅಂತರ ಇರಲಿ. ಕ್ಲೋಜಪಿನ್ ತೆಗೆದುಕೊಳ್ಳುವವರು ಗಮನಿಸಿ: ಆ ಮದ್ದು ಕರುಳನ್ನೇ ನಿಧಾನ ಮಾಡಿ ಜೀವಕ್ಕೆ ಎರವಾಗುವಷ್ಟು ಮಲಬದ್ಧತೆ ತರಬಲ್ಲದು, ಕಾರ್ಬೊನೇಟ್ ಅದನ್ನು ಹೆಚ್ಚಿಸುತ್ತದೆ. ಡಾಕ್ಟರಲ್ಲಿ ಕೇಳದೆ ಶುರು ಮಾಡಬೇಡಿ.

ರಕ್ತದಲ್ಲಿ ವಿಟಮಿನ್ ಡಿ 20 ನ್ಯಾನೊಗ್ರಾಂ ಪ್ರತಿ ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ 60,000 ಯೂನಿಟ್‌ನ ಪುಡಿ ಅಥವಾ ಮಾತ್ರೆ ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು ಕೊಡುತ್ತಾರೆ. ಅತಿ ದೊಡ್ಡ ತಪ್ಪು ನಡೆಯುವುದು ಇಲ್ಲೇ. ವಾರದ ಪುಡಿಯನ್ನು ದಿನದ್ದೆಂದು ತಿಳಿದು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಅತಿ ಬಾಯಾರಿಕೆ, ಮಲಬದ್ಧತೆ, ಗೊಂದಲ ಬರುತ್ತದೆ. ಆ ಗೊಂದಲವನ್ನು ಮನೋರೋಗ ಮರುಕಳಿಸಿತೆಂದು ತಪ್ಪು ತಿಳಿಯುವ ಅಪಾಯವೂ ಇದೆ. ಕ್ಯಾಲೆಂಡರಿನಲ್ಲಿ ವಾರದ ಒಂದೇ ದಿನಕ್ಕೆ, ಉದಾಹರಣೆಗೆ ಭಾನುವಾರಕ್ಕೆ, ಗುರುತು ಹಾಕಿ.

ಬೆಳಗಿನ ಏಳು ಗಂಟೆಯ ಎಳೆಬಿಸಿಲಿನಲ್ಲಿ ವಿಟಮಿನ್ ಡಿ ಹುಟ್ಟುವುದು ತೀರಾ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು ಬೇಕು. ಹತ್ತು ಗಂಟೆಯ ಆಚೀಚೆ ಮುಖ, ಕೈಗೆ ಇಪ್ಪತ್ತರಿಂದ ಮೂವತ್ತು ನಿಮಿಷ ಬಿಸಿಲು ಬೀಳಲಿ. ಕ್ಲೋರ್‌ಪ್ರೊಮಜಿನ್ ನುಂಗುವವರ ಚರ್ಮ ಬೇಗ ಸುಡುತ್ತದೆ, ಅವರಿಗೆ ಮಾತ್ರೆಯೇ ಸರಿ. ಈ ಮದ್ದುಗಳು ಬೆವರು ಮತ್ತು ಮೈಬಿಸಿಯ ಹದವನ್ನೂ ಕೆಡಿಸುವುದರಿಂದ ಮಾರ್ಚ್, ಏಪ್ರಿಲ್‌ನ ನಡುಹಗಲಲ್ಲಿ ಯಾರೂ ಬಿಸಿಲಿಗೆ ಕೂರಬಾರದು.

ಬೀಡಿ, ಸಿಗರೇಟು ಎಲುಬಿಗೆ ಕೆಟ್ಟದ್ದು, ಬಿಡಬೇಕು. ಆದರೆ ಬಿಡುವ ದಿನವನ್ನು ಡಾಕ್ಟರಿಗೆ ಮೊದಲೇ ಹೇಳಿ. ಹೊಗೆಯು ಕ್ಲೋಜಪಿನ್, ಒಲಾಂಜಪಿನ್‌ಗಳನ್ನು ಯಕೃತ್ತಿನಲ್ಲಿ ಬೇಗ ಕರಗಿಸುತ್ತದೆ. ಹೊಗೆ ನಿಂತರೆ ಅದೇ ಡೋಸ್ ರಕ್ತದಲ್ಲಿ ಏರಿ, ಮಂಪರು ಹೆಚ್ಚಿ ಬೀಳಬಹುದು.

ಹಂತ 6: ಎಲುಬಿನ ಸಾಂದ್ರತೆ ಅಳೆಸುವುದು

ವರ್ಷಕ್ಕೊಮ್ಮೆ ಗೋಡೆಗೆ ಬೆನ್ನು ಹಚ್ಚಿ ಎತ್ತರ ಗುರುತು ಹಾಕಿ. ಪ್ರಾಯದಲ್ಲಿದ್ದ ಎತ್ತರಕ್ಕಿಂತ 4 ಸೆಂಟಿಮೀಟರ್, ಅಥವಾ ನಿಮ್ಮ ಹಿಂದಿನ ಗುರುತಿಗಿಂತ 2 ಸೆಂಟಿಮೀಟರ್ ಕುಗ್ಗಿದರೆ ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರಬಹುದು, ಎಕ್ಸ್‌ರೇ ಬೇಕು. ಎತ್ತರ ಕುಗ್ಗಿದವರು, ಸಣ್ಣ ಬೀಳಿಗೆ ಎಲುಬು ಮುರಿದವರು, ವರ್ಷದಿಂದ ಮುಟ್ಟು ಅಥವಾ ಟೆಸ್ಟೊಸ್ಟೆರೋನ್ ಕುಂದಿದವರು, ಐವತ್ತು ದಾಟಿ ಬೇರೆ ಅಪಾಯವೂ ಇರುವವರು ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕು. ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇದೆ. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಚ್ಚಿ ಕೊಡುವ ಅಂಕಿ ಇದಕ್ಕೆ ಸಮವಲ್ಲ, ಅದನ್ನು ನಂಬಿ ಮದ್ದು ಶುರು ಮಾಡಬಾರದು. ಡೆಕ್ಸಾದ ಟಿ ಸ್ಕೋರ್ (ಪ್ರಾಯದ ಆರೋಗ್ಯವಂತರ ಎಲುಬಿಗೆ ಹೋಲಿಸಿದ ಅಂಕಿ) ಮೈನಸ್ 1ರವರೆಗೆ ಸಾಮಾನ್ಯ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಆಸ್ಟಿಯೊಪೊರೋಸಿಸ್, ಅಂದರೆ ಎಲುಬು ಸವೆತದ ಕಾಯಿಲೆ. ಐವತ್ತರೊಳಗಿನ ಗಂಡಸರಲ್ಲಿ, ಮುಟ್ಟು ನಿಲ್ಲುವ ಪ್ರಾಯವಾಗದ ಹೆಂಗಸರಲ್ಲಿ ಝಡ್ ಸ್ಕೋರ್ (ಅದೇ ವಯಸ್ಸಿನವರಿಗೆ ಹೋಲಿಸಿದ ಅಂಕಿ) ನೋಡಬೇಕು. ಎರಡು ವರ್ಷದ ಮೇಲೆ ಮತ್ತೆ ಮಾಡಿಸುವಾಗ ಅದೇ ಯಂತ್ರದಲ್ಲಿ ಮಾಡಿಸಿ. ಯಂತ್ರ ಬದಲಾದರೆ ಹೋಲಿಕೆ ಕೆಡುತ್ತದೆ.

ಎಲುಬಿನ ಮದ್ದು ಬೇಕಾದರೆ, ವಾರಕ್ಕೊಮ್ಮೆ ನುಂಗುವ 70 ಮಿಲಿಗ್ರಾಂ ಅಲೆಂಡ್ರೊನೇಟ್ ಅಗ್ಗ. ಬರಿಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗಬಾರದು, ಚಾ ಕುಡಿಯಬಾರದು. ರಾತ್ರಿಯ ಮಂಪರು ಇಳಿಯದೆ ಮತ್ತೆ ಮಲಗುವವರಲ್ಲಿ, ನುಂಗಲು ಕಷ್ಟಪಡುವವರಲ್ಲಿ ಇದು ಅನ್ನನಾಳವನ್ನು ಸುಡಬಹುದು. ಅಂಥವರಿಗೆ ವರ್ಷಕ್ಕೊಮ್ಮೆ ನರಕ್ಕೆ ಕೊಡುವ 5 ಮಿಲಿಗ್ರಾಂ ಜೊಲೆಡ್ರೊನಿಕ್ ಆ್ಯಸಿಡ್ ಹೆಚ್ಚು ಸೂಕ್ತ. ಮೊದಲು ವಿಟಮಿನ್ ಡಿ ಸರಿಪಡಿಸಿ, ಕಿಡ್ನಿ ನೋಡಿ, ಹಲ್ಲು ಕೀಳಿಸುವುದಿದ್ದರೆ ಅದನ್ನೂ ಮುಗಿಸಿರಬೇಕು. ವೀಳ್ಯ ಜಗಿದು ಹಲ್ಲು, ವಸಡು ಕೆಟ್ಟವರು ನಮ್ಮಲ್ಲಿ ಬಹಳ. ಜೊಲೆಡ್ರೊನಿಕ್ ಕೊಟ್ಟ ಮೇಲೆ ಎರಡು ಮೂರು ದಿನ ಜ್ವರ, ಮೈನೋವು ಬಂದರೆ ಹೆದರಬೇಡಿ. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದನ್ನು, ತಾರೀಖು ತಪ್ಪದೆ ಬರಬಲ್ಲವರು ಮಾತ್ರ ಶುರು ಮಾಡಬೇಕು. ನಡುವೆ ಬಿಟ್ಟರೆ ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯಬಹುದು.

ಬಿದ್ದರೆ, ಮುರಿದರೆ

ಸ್ಕಿಜೋಫ್ರೇನಿಯಾ ಇರುವ ಕೆಲವರು ನೋವನ್ನು ಹೇಳಿಕೊಳ್ಳುವುದೇ ಇಲ್ಲ. ಅಳಲಿಲ್ಲ ಎಂಬ ಕಾರಣಕ್ಕೆ ಮುರಿದಿಲ್ಲ ಎನ್ನಬೇಡಿ. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ, ಭಾರ ಹಾಕಲಾಗದಿದ್ದರೆ ಸೊಂಟದ ಎಲುಬು ಮುರಿದಿದೆ ಎಂದೇ ತಿಳಿಯಿರಿ. ಎಣ್ಣೆ ಹಚ್ಚಿ ತಿಕ್ಕಬೇಡಿ, ಎಬ್ಬಿಸಿ ನಡೆಸಬೇಡಿ, ಎಲುಬು ಕಟ್ಟುವವರಲ್ಲಿಗೆ ಒಯ್ದು ದಿನ ಕಳೆಯಬೇಡಿ. ಆಪರೇಷನ್ ಎರಡು ದಿನದೊಳಗೆ ಆದಷ್ಟೂ ಒಳ್ಳೆಯದು.

ಆಸ್ಪತ್ರೆಗೆ ಹೊರಡುವಾಗ ಹಂತ 1ರಲ್ಲಿ ಬರೆದ ಕಾಗದ ಮತ್ತು ಮಾತ್ರೆಗಳ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೊತೆಗೆ ಒಯ್ಯಿರಿ. ಎಲುಬಿನ ವಾರ್ಡಿನಲ್ಲಿ ಮನೋರೋಗದ ಮದ್ದು ಬಿಟ್ಟುಹೋಗುವುದು ಸಾಮಾನ್ಯ. ಕ್ಲೋಜಪಿನ್ 48 ಗಂಟೆಗಿಂತ ಹೆಚ್ಚು ತಪ್ಪಿದ್ದರೆ ಹಳೆಯ ಡೋಸನ್ನು ಒಮ್ಮೆಲೇ ಕೊಡಬಾರದು, 12.5 ಮಿಲಿಗ್ರಾಂನಿಂದ ಮತ್ತೆ ಏರಿಸಬೇಕು. ಕೊನೆಯ ಮಾತ್ರೆ ನುಂಗಿದ ಗಂಟೆಯನ್ನು ಆ ಕಾಗದದಲ್ಲೇ ಬರೆಯಿರಿ. ಮನೋವೈದ್ಯರು ಕೈಗೆ ಸಿಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತನಾಡುತ್ತಾರೆ.